ಪೀಠ ಇಳಿದು ಬಂದವರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಸಿವಿಲ್ ಜಡ್ಜ್ ಪರೀಕ್ಷೆಗೆ ಅರ್ಜಿ ಹಾಕಲೋ, ಇದ್ದ ಪ್ರಾಕ್ಟೀಸನ್ನೇ ನೋಡಿಕೊಂಡು ಹೋಗಲೋ ಎಂದು ಕೇಳಿದ್ದೀಯ. ನನ್ನನ್ನು ಕೇಳಿದರೆ ಹಾಕು ಎನ್ನುತ್ತೇನೆ. ಹಾಗೆ ಹೇಳುವ ಧೈರ್ಯ ಬಂದದ್ದು ನಮ್ಮ ಸೀನಿಯರ್ ಅವರನ್ನು ನೋಡಿ. ತಾಲ್ಲೂಕು ಕೋರ್ಟಿನಲ್ಲಿ ವಕೀಲರಾಗಿದ್ದು, ನ್ಯಾಯಾಧೀಶರಾಗಿ ಹೋಗಿ, ನಿವೃತ್ತಿಗೆ ಮುಂಚೆಯೇ ರಾಜೀನಾಮೆ ಕೊಟ್ಟು, ಮತ್ತೆ ವಿಚಾರಣಾ ನ್ಯಾಯಾಲಯಕ್ಕೇ ಕರಿ ಕೋಟು ಹಾಕಿಕೊಂಡು ಬಂದವರು ಅವರು. ಯಾಕೆ ಬಿಟ್ಟಿರಿ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಕೆಲವರಿಗೆ ವರ್ಗಾವಣೆ, ಕೆಲವರಿಗೆ ಮಕ್ಕಳ ಓದು. ನನಗೆ ಮಾತ್ರ ಒಮ್ಮೆ, "ಬಾಯಿ ಮುಚ್ಚಿಕೊಂಡು ಕೂತು ಕೇಳೋದು ನನ್ನ ಕೈಲಾಗಲಿಲ್ಲ ಮಾರಾಯ" ಎಂದರು. ಅದೇ ನಿಜ ಇರಬೇಕು.

ತಮಾಷೆಯೆಂದರೆ, ಅವರ ವಕೀಲಿಕೆ ಹದಕ್ಕೆ ಬಂದದ್ದೇ ಹಾಗೆ ಕೂತು ಕೇಳಿದ ವರ್ಷಗಳಲ್ಲಿ.

ಪಾಟಿ ಸವಾಲನ್ನೇ ತಗೋ, ಎದುರು ಪಕ್ಷದ ಸಾಕ್ಷಿಯನ್ನು ನಾವು ಪ್ರಶ್ನಿಸುವುದು. ನಾವು ಜೂನಿಯರ್‌ಗಳಿಗೆ ಅದೊಂದು ಜಗಳ. ಕಕ್ಷಿದಾರ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ, ಅವನಿಗೆ ಕೇಳುವಂತೆ ಗುಡುಗಬೇಕು. ನಮ್ಮ ಕೋರ್ಟುಗಳ ಯಾವ ಸಾಕ್ಷಿ ಹೇಳಿಕೆಯನ್ನು ತೆಗೆದರೂ ಬಾಲದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: "ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಅದಕ್ಕೂ ಮೊದಲು ಪುಟಗಟ್ಟಲೆ ಅದೇ ಧಾಟಿ. ಜಾಗದಲ್ಲಿ ನಾನು ಇರಲೇ ಇಲ್ಲ ಎಂದರೆ ಸರಿಯಲ್ಲ, ದ್ವೇಷದಿಂದ ದೂರು ಕೊಟ್ಟಿದ್ದೇನೆ ಎಂದರೆ ಸರಿಯಲ್ಲ. ತೀರ್ಪು ಬರೆಯಲು ಕೂತವರಿಗೆ ಅದರಲ್ಲಿ ಸಿಗುವುದೇನು? ವಕೀಲ "ನಡೆದದ್ದು ಹೀಗೆ ಅಲ್ಲವೇ" ಎಂದು ಸೂಚಿಸಿದ, ಸಾಕ್ಷಿ ನಿರಾಕರಿಸಿದ, ಮುಗಿಯಿತು. ನಿರಾಕರಿಸಿದ ಸೂಚನೆ ಸಾಕ್ಷ್ಯವಾಗುವುದಿಲ್ಲ. ಹಾಗಂತ ಪೂರ್ತಿ ಬಿಡುವಂತೆಯೂ ಇಲ್ಲ. ನಿನ್ನ ವಾದವನ್ನು ಸಾಕ್ಷಿಯ ಮುಂದೆ ಇಡದಿದ್ದರೆ, ಅವನು ಹೇಳಿದ್ದನ್ನು ಒಪ್ಪಿಕೊಂಡೆ ಎಂದು ಎದುರು ಪಕ್ಷದವರು ಹಿಡಿದುಕೊಳ್ಳುತ್ತಾರೆ. ಸೀನಿಯರ್ ತಮ್ಮ ವಾದವನ್ನು ನಾಲ್ಕು ಸೂಚನೆಗಳಲ್ಲಿ ಇಟ್ಟು ಕೂತುಬಿಡುತ್ತಿದ್ದರು. ಕಕ್ಷಿದಾರನ ಮುಖ ಬಾಡುತ್ತಿತ್ತು. ಇಷ್ಟೇನಾ ಎಂದು ನನ್ನ ಕಿವಿಯಲ್ಲಿ ಕೇಳಿದವರೂ ಇದ್ದಾರೆ.

ಕ್ರಿಮಿನಲ್ ಕೇಸಿನಲ್ಲಿ ಅವರ ಅಚ್ಚುಕಟ್ಟು ಇನ್ನೊಂದು ತರಹ. ಪೊಲೀಸರ ಮುಂದೆ ಹೇಳಿದ್ದು ಒಂದು, ಕಟಕಟೆಯಲ್ಲಿ ಹೇಳುತ್ತಿರುವುದು ಇನ್ನೊಂದು ಎಂದಾಗ ನಾವು ಹುಮ್ಮಸ್ಸಿನಲ್ಲಿ ಸಾಕ್ಷಿಯ ಮೇಲೆ ಬೀಳುತ್ತೇವೆ. ಅವನು "ಪೊಲೀಸರ ಮುಂದೆ ಹಾಗೆ ಹೇಳಿಲ್ಲ" ಎನ್ನುತ್ತಾನೆ. ಗೆದ್ದೆವು ಎಂದುಕೊಳ್ಳುತ್ತೇವೆ. ಆದರೆ ಪೊಲೀಸರು ಬರೆದುಕೊಂಡ ಹೇಳಿಕೆಯ ಅದೇ ಭಾಗವನ್ನು ಸಾಕ್ಷಿಗೆ ತೋರಿಸಿ, ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದು ನಿಜವೇ" ಎಂದು ಅವರ ಬಾಯಲ್ಲಿ ಹೇಳಿಸದಿದ್ದರೆ ಆ ವ್ಯತ್ಯಾಸ ರುಜುವಾತಾಗುವುದೇ ಇಲ್ಲ. ಸಾಕ್ಷಿಗೂ ತನಿಖಾಧಿಕಾರಿಗೂ ನಡುವೆ ವರ್ಷಗಳೇ ಕಳೆದಿರುತ್ತವೆ, ಫೈಲು ಇನ್ನೊಬ್ಬ ಜೂನಿಯರ್ ಕೈಗೆ ಹೋಗಿರುತ್ತದೆ. ಅದಕ್ಕೇ ಅವರ ಪ್ರತಿ ಫೈಲಿನ ಒಳರಟ್ಟಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪಟ್ಟಿ: ತನಿಖಾಧಿಕಾರಿಗೆ ಕೇಳಬೇಕಾದದ್ದು. 2024ರ ಜುಲೈ 1ರಿಂದ ಹಳೆಯ ಎವಿಡೆನ್ಸ್ ಆಕ್ಟ್ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು ಕಲಂ ಸಂಖ್ಯೆಗಳು ಬದಲಾದವು, ಹಿಂದಿನ ಹೇಳಿಕೆಯನ್ನು ಸಾಕ್ಷಿಗೆ ತೋರಿಸುವ ಕಲಂ 145 ಇದ್ದದ್ದು 148 ಆಯಿತು. ಪಟ್ಟಿ ಹಾಗೇ ಇದೆ.

ಇದಕ್ಕೆಲ್ಲ ಬುಡ ಒಂದೇ ಅಂತ ನನಗೆ ಆಮೇಲೆ ಹೊಳೆಯಿತು. ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶರೇ ತೀರ್ಪು ಬರೆಯುತ್ತಾರೆ ಎಂಬ ಖಾತರಿ ನಮ್ಮಲ್ಲಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ, ಆಮೇಲೆ ಬಂದವರಿಗೆ ಸಿಗುವುದು ಕಾಗದದ ಮೇಲಿರುವುದಷ್ಟೇ. ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೇ ಮುಂದಿನವರು ನಡೆಸಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 15ನೇ ನಿಯಮವೇ ಹೇಳುತ್ತದೆ. ತಾವು ನೋಡದ ಸಾಕ್ಷಿಗಳ ಮೇಲೆ ಎಷ್ಟೋ ತೀರ್ಪು ಬರೆದ ಅನುಭವ ನಮ್ಮ ಸೀನಿಯರ್‌ಗಿತ್ತು. ಸಾಕ್ಷಿ ಎರಡು ಕೈ ಅಗಲಿಸಿ "ಇಷ್ಟು ದೂರದಲ್ಲಿ ನಿಂತಿದ್ದ" ಎಂದರೆ, ಟೈಪಿಸ್ಟ್ "ಇಷ್ಟು ದೂರ" ಎಂದೇ ಒತ್ತುತ್ತಾರೆ. ಸೀನಿಯರ್ ತಕ್ಷಣ ಎದ್ದು, ಸಾಕ್ಷಿ ಕೈಯಲ್ಲಿ ತೋರಿಸಿದ್ದು ಸುಮಾರು ಇಷ್ಟು ಅಡಿ ಎಂದು ಬರೆಸುತ್ತಿದ್ದರು. ಉತ್ತರ ಕೊಡದೆ ನಿಂತರೆ, ಸಾಕ್ಷಿಯ ವರ್ತನೆಯನ್ನು ನ್ಯಾಯಾಧೀಶರು ನಮೂದಿಸಬಹುದು ಎಂಬ ಅದೇ ಆದೇಶದ 12ನೇ ನಿಯಮ ನೆನಪಿಸುತ್ತಿದ್ದರು. ವಿನಯದಿಂದಲೇ.

ಸಿವಿಲ್ ದಾವೆಗಳಲ್ಲಿ 2002ರ ತಿದ್ದುಪಡಿಯಿಂದ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನ ಕಡೆಯವರ ಪರವಾಗಿ ಮೊದಲು ಹೇಳುವ ಮಾತು, ಲಿಖಿತ ಅಫಿಡವಿಟ್ ಮೂಲಕ ನಡೆಯುತ್ತಿದೆಯಲ್ಲ, ಅದು ಸೀನಿಯರ್‌ಗೆ ಒಗ್ಗಲೇ ಇಲ್ಲ. ಹೊಲದ ಪಾಲಿಗೆ ದಾವೆ ಹಾಕಿದ ರೈತನ ಬಾಯಲ್ಲಿ "ಸದರಿ ಸ್ವತ್ತಿನ ನಿರಂತರ ಹಾಗೂ ಶಾಂತಿಯುತ ಸ್ವಾಧೀನಾನುಭವ" ಬರುತ್ತದೆಯೇ? ಪಾಟಿ ಸವಾಲಿನ ಮೊದಲ ಏಟಿಗೇ "ಅದೆಲ್ಲ ವಕೀಲರು ಬರ್ಸಿದ್ದು ಸ್ವಾಮಿ" ಎಂದುಬಿಡುತ್ತಾನೆ. ಅವರು ಕಕ್ಷಿದಾರನ ಮಾತಿನಲ್ಲೇ ಬರೆದು, ಓದಿ ಹೇಳಿ, ಅವನು ತಿದ್ದಿದಂತೆ ತಿದ್ದುತ್ತಿದ್ದರು.

ಕಷ್ಟಗಳೂ ಇವೆ. ಪೀಠಕ್ಕೆ ಹೋದ ಮೇಲೆ ಬಾರ್ ಅಸೋಸಿಯೇಷನ್ ಕೋಣೆಯ ಹರಟೆ ತಪ್ಪುತ್ತದೆ, ಹಳೆ ಸ್ನೇಹಿತರು ದೂರದಿಂದ ನಮಸ್ಕರಿಸುತ್ತಾರೆ. ವಾಪಸ್ ಬಂದರೆ ಇನ್ನೊಂದು ಪಾಡು: ಮಾಜಿ ಜಡ್ಜ್ ಅಂದರೆ ಒಳಗೆ ಮಾತು ನಡೆಯುತ್ತದೆ ಎಂದುಕೊಂಡು ಬರುವ ಕಕ್ಷಿದಾರರು. ಅಂಥವರ ವಕಾಲತ್ತಿಗೆ ಸೀನಿಯರ್ ಸಹಿಯನ್ನೇ ಹಾಕುತ್ತಿರಲಿಲ್ಲ. ಸುಪ್ರೀಂ ಕೋರ್ಟಿನವರಿಗೆ ಈ ಸಂಕಟವೂ ಇಲ್ಲ, ಸೌಭಾಗ್ಯವೂ ಇಲ್ಲ. ಅಲ್ಲಿ ನ್ಯಾಯಮೂರ್ತಿಯಾಗಿದ್ದವರು ದೇಶದ ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ. ಮಂಗಳೂರಿನ ಕಡೆ ಸರ್ಕಾರಿ ವಕೀಲರಾಗಿದ್ದು ಅಲ್ಲಿವರೆಗೆ ಏರಿದ ಕೆ.ಎಸ್. ಹೆಗ್ಡೆಯವರು 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟರು. ಮರಳಿ ಕೋರ್ಟಿಗೆ ಬರಲು ದಾರಿ ಇರಲಿಲ್ಲ, 1977ರಲ್ಲಿ ಲೋಕಸಭೆಗೆ ಹೋಗಿ ಸ್ಪೀಕರ್ ಆದರು.

ನೀನು ಕೇಳಿದ ಇನ್ನೊಂದು ವಿಷಯ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ವಕೀಲನಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಲೆಕ್ಕ, ಹಾಗಾಗಿ ನಿನಗೆ ತೊಂದರೆಯಿಲ್ಲ. ಆದರೆ ಅಷ್ಟು ವರ್ಷ ವಕೀಲಿಕೆ ಮಾಡಿದ್ದೀಯ ಎಂಬ ಪ್ರಮಾಣಪತ್ರಕ್ಕೆ ನಿನ್ನ ಕೋರ್ಟಿನ ಪ್ರಧಾನ ನ್ಯಾಯಾಧಿಕಾರಿಯ ಸಹಿ ಬೇಕು. ಇಲ್ಲವೇ ಅದೇ ಕೋರ್ಟಿನಲ್ಲಿ ಹತ್ತು ವರ್ಷ ದಾಟಿದ ವಕೀಲರು ಬರೆದುಕೊಟ್ಟು, ಅದರ ಮೇಲೆ ಆ ನ್ಯಾಯಾಧಿಕಾರಿಯ ಮೇಲುರುಜು ಆಗಬೇಕು. ಬೇರೆ ಊರಿನ ನನ್ನ ಸಹಿ ಅಲ್ಲಿ ನಡೆಯುವುದಿಲ್ಲ. ಕೋರ್ಟಿಗೆ ರಜೆ ಶುರುವಾಗುವ ಮೊದಲೇ ಅದನ್ನು ಮಾಡಿಸಿಟ್ಟುಕೋ.

ನಿನ್ನ ಗೆಳೆಯ