ಕಡಲ ಪಕ್ಕ ಸೈಕಲ್ ರೂಟ್ ಹಾಕೋ ಮುಂಚೆ ಒಂದ್ಸಲ ಓದಿ

ಎಲ್ರಿಗೂ ನಮಸ್ಕಾರ, ಸೈಕಲ್ ಓಡ್ಸೋಕೆ ಟ್ರಾಫಿಕ್ ಇಲ್ದಿರೋ ರೋಡ್ ಹೇಗೆ ಹುಡುಕೋದು ಅಂತ ಗ್ರೂಪಲ್ಲಿ ಕೇಳ್ತಾನೇ ಇದೀರಾ, ಅದಕ್ಕೆ ಒಟ್ಟಿಗೇ ಬರೀತಿದೀನಿ. ಮ್ಯಾಪ್ ಆಪ್ ತೋರ್ಸೋ ಮೊದಲ್ನೇ ದಾರಿ ಬಿಟ್ಬಿಡಿ, ಅದಕ್ಕೆ ಬೇಗ ತಲುಪ್ಸೋದೇ ಕೆಲ್ಸ, ಲಾರಿ ಬರುತ್ತೋ ಇಲ್ವೋ ಅನ್ನೋ ಚಿಂತೆ ಇಲ್ಲ. ಎಷ್ಟೋ ಕಡೆ ಹೆದ್ದಾರಿ ಪಕ್ಕದಲ್ಲೇ ಹಳೇ ರೋಡ್ ಒಂದು ಊರೂರು ಸುತ್ಕೊಂಡು ಹೋಗ್ತಿರುತ್ತೆ, ನಮಗೆ ಬೇಕಾಗಿರೋದು ಅದು, ಸ್ಯಾಟಲೈಟ್ ವ್ಯೂ ಹಾಕಿ ಡಾಂಬರಾ ಮಣ್ಣಾ ಅಂತ ನೋಡ್ಕೊಳಿ.

ಗಾಳಿ ವಿಷ್ಯ ಮಾತ್ರ ಸೀರಿಯಸ್ಸಾಗಿ ತಗೊಳಿ. ಬಿಸಿಲೇರಿದಂಗೆ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತೆ, ಆಮೇಲೆ ಕಡಲ ಕಡೆಯಿಂದ ಗಾಳಿ ನುಗ್ಗೋಕೆ ಶುರು, ಮಧ್ಯಾಹ್ನ ಸಿಕ್ಕಾಪಟ್ಟೆ ಜೋರು. ಬೆಳಕು ಹರೀತಿದ್ದಂಗೆ ಹೊರಡಿ, ಫೋರ್ಕಾಸ್ಟ್ ನೋಡಿ, ವಾಪಸ್ ಬರೋವಾಗ ಗಾಳಿ ಬೆನ್ನಿಗಿರೋ ಹಂಗೆ ರೂಟ್ ಹಾಕಿ, ನಾನು ಒಂದ್ಸಲ ಉಲ್ಟಾ ಮಾಡಿ ಕೊನೇ 20 ಕಿ.ಮೀ. ಅಳೋದೊಂದು ಬಾಕಿ.

ತಿರುವಲ್ಲಿ ಮರಳು ಕಂಡ್ರೆ ಮೊದ್ಲೇ ಸ್ಪೀಡ್ ಇಳ್ಸಿ, ಮರಳ ಮೇಲೆ ಹೋದ್ಮೇಲೆ ಬ್ರೇಕ್ ಒತ್ಬೇಡಿ. ಟೈರು 28 ಇಲ್ಲಾಂದ್ರೆ 32 ಎಂಎಂ ಅಗಲ ಇದ್ರೆ ಆರಾಮ. ಹೊಲದ ಕಡೆ ಟ್ರ್ಯಾಕ್ಟರ್ ಬಿಟ್ಟೋದ ಕೆಸ್ರು, ಅಡ್ಡ ಬರೋ ದನ, ನಾಯಿ ಎಲ್ಲಾ ಇದ್ದಿದ್ದೇ. ನೆಟ್‌ವರ್ಕ್ ನಂಬ್ಬೇಡಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೊಳಿ. ಉಬ್ಬರ ಬಂದಾಗ ಮುಳುಗೋ ರೋಡ್ ಇದ್ರೆ ಟೈಮ್ ನೋಡ್ಕೊಂಡೇ ಹೋಗಿ, ಉಬ್ಬರದ ನೀರು ಪೂರ್ತಿ ಇಳಿಯೋಕೆ ಸುಮಾರು 6 ಗಂಟೆ ಬೇಕು.

ಹಾಂ, ಮನೆಗ್ ಬಂದ್ಮೇಲೆ ಸುಸ್ತು ಅಂತ ಸೈಕಲ್ ಹಂಗೇ ನಿಲ್ಲಿಸ್ಬೇಡಿ, ಉಪ್ಪಿಗೆ ಚೈನ್ ತುಕ್ಕು ಹಿಡಿಯುತ್ತೆ, ಸಿಹಿನೀರಲ್ಲಿ ತೊಳ್ದು ಒರ್ಸಿ ಎಣ್ಣೆ ಬಿಡಿ. ಪ್ರೆಶರ್ ವಾಷ್ ಬೇಡ, ಬೇರಿಂಗ್ ಒಳಗೆ ನೀರು ಹೋಗುತ್ತೆ.