ಜೀಪಿಗೆ ಕೂರಿಸಿಕೊಟ್ಟ ಡಿಐ ಎಂಜಿನ್ ಬಗ್ಗೆ ದೂರು

ದಿನಾಂಕ: 20-01-2025

ಇವರಿಂದ:
ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಇವರಿಗೆ:
ಮಾಲೀಕರು, ಡೀಸೆಲ್ ಎಂಜಿನ್ ವರ್ಕ್‌ಶಾಪ್, ಹಾಸನ

ವಿಷಯ: ನನ್ನ ಮಹೀಂದ್ರಾ ಎಂಎಂ 540 ಜೀಪಿಗೆ ಎಂಜಿನ್ ಬದಲಿಸುವಾಗ ಆದ ಕಳಪೆ ಕೆಲಸ ಮತ್ತು ಕೊಡದೆ ಉಳಿದ ದಾಖಲೆಗಳ ಬಗ್ಗೆ

ಮಾನ್ಯರೇ,

ನವೆಂಬರ್ 4ರಂದು ನಮ್ಮ 1989ರ ಜೀಪನ್ನು ನಿಮ್ಮಲ್ಲಿಗೆ ತಂದಿದ್ದೆ. ಅದರಲ್ಲಿದ್ದದ್ದು 2112 ಸಿಸಿ ಪ್ಯೂಜೊ ಎಂಜಿನ್. ಘಾಟಿ ಹತ್ತುವಾಗ ಬಿಸಿಯಾಗಿ ಹೆಡ್ಡು ಬಿರುಕು ಬಿಟ್ಟಿತ್ತು. 35 ವರ್ಷ ದುಡಿದ ಎಂಜಿನ್, ಅದರ ಬಗ್ಗೆ ನನಗೆ ದೂರಿಲ್ಲ. ಅದನ್ನೇ ರಿಪೇರಿ ಮಾಡಿಸುವ ಆಸೆ ಇತ್ತು. ಬಿಡಿ ಭಾಗ ಸಿಗೋದು ಕಷ್ಟ, 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ಲನ್ನು ನೇರ ಸಿಲಿಂಡರಿನೊಳಗೆ ಚಿಮ್ಮಿಸುವ) ಎಂಜಿನ್ ಹಾಕಿಸಿ ಅಂದವರು ನೀವೇ. ನಿಮ್ಮ ಮಾತಿನಲ್ಲಿ ಅರ್ಥವಿತ್ತು. ಹಳೆಯದಕ್ಕೆ ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಕಾಯಿಸದೆ ಸ್ಟಾರ್ಟ್ ಆಗ್ತಿರಲಿಲ್ಲ, ಡಿಐಗೆ ಆ ತೊಂದರೆ ಇಲ್ಲ. ನಿಧಾನ ತಿರುಗಿದರೂ ಎಳೆಯುವ ಶಕ್ತಿ ಇದೆ. ತೋಟದ ಗಾಡಿಗೆ ಬೇಕಾದದ್ದು ಅದೇ ಅಲ್ವಾ ಎಂದು ಒಪ್ಪಿದೆ. ಬೋರ್, ಪಿಸ್ಟನ್ ಹೊಸದಾಗಿ ಮಾಡಿದ ಎಂಜಿನ್, ಫಿಟ್ಟಿಂಗ್, ಆರ್‌ಟಿಒ ಕೆಲಸ ಎಲ್ಲ ಸೇರಿ ₹1,52,000 ಎಂದಿರಿ. ಪೂರ್ತಿ ಹಣ ಕೊಟ್ಟು ನವೆಂಬರ್ 29ರಂದು ಗಾಡಿ ಬಿಡಿಸಿಕೊಂಡೆ.

ಒಂದು ವಾರದೊಳಗೆ ಎರಡನೇ ಗೇರಿಗೆ ಹಾಕಿದಾಗ ಕರಕರ ಎನ್ನತೊಡಗಿತು. ಕ್ಲಚ್ ಬಿಡುವಾಗ ಇಡೀ ಗಾಡಿ ನಡುಗುತ್ತಿತ್ತು. ಮೂರು ಸಲ ಫೋನ್ ಮಾಡಿದೆ. ಹೊಸ ಕ್ಲಚ್ ಪ್ಲೇಟು, ಪಳಗಿದ ಮೇಲೆ ಸರಿಹೋಗುತ್ತೆ ಎಂದಿರಿ. ನಂಬಿದೆ. ಡಿಸೆಂಬರ್ 22ರ ಸಂಜೆ ಹಣ್ಣಿನ ಚೀಲಗಳನ್ನು ಹೇರಿಕೊಂಡು ಹಳ್ಳದಿಂದ ಮೇಲೆ ಬರುವಾಗ ಗೇರು ತಾನಾಗಿಯೇ ಹಾರಿ ಹೊರಗೆ ಬಂತು. ಗಾಡಿ ಹಿಂದಕ್ಕೆ ಜಾರಿತು. ನಮ್ಮ ಡ್ರೈವರ್ ಬ್ರೇಕ್ ಒತ್ತಿ, ಧರೆಗೆ ಒರಗಿಸಿ ನಿಲ್ಲಿಸಿದ. ಹಿಂದೆ ಚೀಲದ ಮೇಲೆ ಇಬ್ಬರು ಹೆಣ್ಣಾಳುಗಳಿದ್ದರು. ಆ ಸಂಜೆ ನೆನೆದರೆ ಈಗಲೂ ಕೈ ನಡುಗುತ್ತೆ.

27ರಂದು ಊರಿನ ಮೆಕ್ಯಾನಿಕ್ ಕೈಯಲ್ಲಿ ಗೇರ್‌ಬಾಕ್ಸ್ ಇಳಿಸಿದೆ. ನಾನೂ ಗಾಡಿಯ ಕೆಳಗೆ ಮಲಗಿ ನೋಡಿದೆ. ಎಂಜಿನ್ ಹಿಂದಿನ ಫ್ಲೈವೀಲ್ ಮಧ್ಯದಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬುಷ್ ಒಂದೇ ಕಡೆ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಬೆರಳಿಟ್ಟರೆ ಹಿತ್ತಾಳೆ ಬಣ್ಣದ ಪುಡಿ ಅಂಟಿಕೊಂಡು ಬಂತು. ಗೇರ್‌ಬಾಕ್ಸ್ ಶಾಫ್ಟಿನ ತುದಿ ಕಾದು ನೀಲಿಯಾಗಿತ್ತು. ಕೇವಲ 410 ಕಿ.ಮೀ. ಓಡಿದ ಗಾಡಿಯಲ್ಲಿ ಹೀಗೆ. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಎಂಜಿನ್‌ಗೂ ಕ್ಲಚ್ ಹೌಸಿಂಗ್‌ಗೂ ಮಧ್ಯೆ ನೀವು ಮಾಡಿ ಹಾಕಿದ ಅಡಾಪ್ಟರ್ ಪ್ಲೇಟಿನಲ್ಲಿ ಎರಡು ಡೋವೆಲ್ ಪಿನ್ನಿನ ತೂತು ಖಾಲಿ ಇದ್ದವು. ಬೋಲ್ಟು ಬಿಗಿ ಹಿಡಿಯುತ್ತೆ ಅಷ್ಟೇ, ನೇರ ಕೂರಿಸುವುದು ಡೋವೆಲ್ ಪಿನ್ನು. ಅದಿಲ್ಲದೆ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಶಾಫ್ಟು ತಿರುಗಿದಷ್ಟೂ ಬುಷ್ ತಿನ್ನುತ್ತೆ. ಬೇರೆ ಗಾಡಿಯ ಎಂಜಿನ್ ತಂದು ಕೂರಿಸುವಾಗ ಡಯಲ್ ಗೇಜ್ (ಕೂದಲೆಳೆಯಷ್ಟು ಓರೆಯನ್ನೂ ತೋರಿಸುವ ಅಳತೆ ಸಾಧನ) ಇಟ್ಟು ಎರಡರ ಮಧ್ಯ ಒಂದೇ ನೇರದಲ್ಲಿದೆಯಾ ಎಂದು ನೋಡುವುದೇ ಮುಖ್ಯ ಕೆಲಸ. ಆ ಒಂದು ಕೆಲಸ ನಿಮ್ಮಲ್ಲಿ ಆಗಿಲ್ಲ.

ಎಂಜಿನ್ ಕೂರುವ ಮೌಂಟಿಂಗ್ ಕೂಡ ಸರಿಯಿಲ್ಲ. ಎಡಗಡೆ ರಬ್ಬರ್ ಇಲ್ಲದೆ ಆಂಗಲ್ ತುಂಡನ್ನು ಚಾಸಿಗೆ ನೇರ ವೆಲ್ಡ್ ಮಾಡಿದ್ದೀರಿ. ಎಂಜಿನ್ ಕೆಳಗೆ ಕೂತು, ಗುಂಡಿಯಲ್ಲಿ ಮುಂದಿನ ಆಕ್ಸಲ್ ಮೇಲೆದ್ದಾಗ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಎಂಜಿನ್ ತಳದ ಆಯಿಲ್ ಸಂಪಿಗೆ ಸವರುತ್ತಿದೆ. ಗೀರು ಬಿದ್ದ ಜಾಗದ ಫೋಟೋ ಲಗತ್ತಿಸಿದ್ದೇನೆ. ಫೋರ್ ವೀಲ್ ಹಾಕಲು ಆಗದ ಜೀಪು ನಮ್ಮ ಗುಡ್ಡಕ್ಕೆ ಏನು ಉಪಯೋಗ ಹೇಳಿ.

ಇದೆಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಎಂಜಿನ್ ನಂಬರ್. ನಂಬರ್ ಇರುವ ಜಾಗದಲ್ಲಿ ದಪ್ಪ ಬಣ್ಣ ಬಳಿದಿದೆ. ಕೆರೆದು ನೋಡಿದರೆ ಗ್ರೈಂಡರ್ ಆಡಿಸಿದ ಗುರುತು ಇದೆ, ಕೊನೆಯ ಮೂರು ಅಂಕಿ ಓದಲು ಬರುವುದಿಲ್ಲ. ನಾನು ಸುಮ್ನೆ ಆರೋಪ ಮಾಡುತ್ತಿಲ್ಲ. ಆ ಎಂಜಿನ್ ಯಾವ ಗಾಡಿಯದ್ದು, ಯಾರಿಂದ ಕೊಂಡಿರಿ ಎನ್ನುವ ಬಿಲ್ ತೋರಿಸಿ ಎಂದು ಕೇಳುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಬದಲಿಸಿದ್ದರೆ 14 ದಿನದೊಳಗೆ ತಿಳಿಸಬೇಕು. ಆ ಕೆಲಸಕ್ಕೆಂದೇ ₹12,000 ಒಟ್ಟು ಹಣದಲ್ಲಿ ಸೇರಿಸಿ ಪಡೆದಿದ್ದೀರಿ. ಆರ್‌ಸಿಯಲ್ಲಿ ಇಂದಿಗೂ ಇರುವುದು 2112 ಸಿಸಿ, ಹಳೆಯ ನಂಬರ್. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ನಾನು ಏನೆಂದು ಉತ್ತರ ಕೊಡಲಿ?

ಕೊಯ್ಲಿನ ಸಮಯದಲ್ಲಿ ಜೀಪು ಶೆಡ್ಡಿನಲ್ಲಿ ನಿಂತಿದೆ. ಕಣಕ್ಕೆ ಹಣ್ಣು ಸಾಗಿಸಲು ಬಾಡಿಗೆ ಪಿಕಪ್‌ಗೆ ಇಲ್ಲಿಯವರೆಗೆ ₹18,500 ಕೊಟ್ಟಿದ್ದೇನೆ. ಅದು ಮುಖ್ಯ ರಸ್ತೆಯವರೆಗೆ ಮಾತ್ರ ಬರುತ್ತೆ, ಅಲ್ಲಿಯವರೆಗೆ ಆಳುಗಳು ತಲೆಹೊರೆಯಲ್ಲೇ ಹೊರುತ್ತಿದ್ದಾರೆ.

ನನ್ನ ಬೇಡಿಕೆ ಇಷ್ಟು. ಎಂಜಿನ್‌ನ ಮೂಲ ಬಿಲ್ಲು, ನೀವು ಇಟ್ಟುಕೊಂಡ ಹಳೆಯ ಎಂಜಿನ್‌ಗೆ ರಸೀದಿ, ಎರಡನ್ನೂ ಬರಹದಲ್ಲಿ ಕೊಡಿ. ಬಿಲ್ಲು ಸರಿಯಿದ್ದು ಆರ್‌ಟಿಒ ಆ ಎಂಜಿನ್ ಒಪ್ಪಿದರೆ, ನಿಮ್ಮ ಖರ್ಚಿನಲ್ಲೇ ಗಾಡಿ ಒಯ್ದು ಹೊಸ ಪ್ಲೇಟು, ಡೋವೆಲ್ ಪಿನ್ನು, ರಬ್ಬರ್ ಮೌಂಟಿಂಗ್, ಗೇರ್‌ಬಾಕ್ಸ್ ಶಾಫ್ಟು ಹಾಕಿಕೊಡಿ. ನಾನು ಎದುರಿಗಿರುವಾಗಲೇ ಡಯಲ್ ಗೇಜ್ ಇಟ್ಟು ತೋರಿಸಿ. ಬಿಲ್ಲು ಇಲ್ಲದಿದ್ದರೆ ಆ ಎಂಜಿನ್ ನನಗೆ ಬೇಡ, ಪೂರ್ತಿ ₹1,52,000 ಹಿಂದಿರುಗಿಸಿ. ಎರಡರಲ್ಲಿ ಯಾವುದಾದರೂ ಪಿಕಪ್ ಬಾಡಿಗೆ ನೀವೇ ಕೊಡಬೇಕು.

ಈ ಪತ್ರ ಮುಟ್ಟಿದ 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಬಿಚ್ಚಿದ ಬುಷ್, ಪ್ಲೇಟು ಹಾಗೇ ತೆಗೆದಿಟ್ಟಿದ್ದೇನೆ. ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಹಣ ಕೊಟ್ಟ ರಸೀದಿ, ಆರ್‌ಸಿ ನಕಲು, 9 ಫೋಟೋ, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಪಿಕಪ್ ಬಾಡಿಗೆ ಚೀಟಿಗಳು