ಸುತ್ತುದಾರಿಯಲ್ಲಿ ಕೈ ತಿದ್ದಿದವರಿಗೆ

ವ್ಯಂಗ್ಯಚಿತ್ರ ಕಲಿಯುವ ಹೊಸಬರಿಗಾಗಿ ಸಿದ್ಧಪಡಿಸುತ್ತಿದ್ದ ಕೈಪಿಡಿ ಕೊನೆಗೂ ಅಚ್ಚಿಗೆ ಹೋಗಿದೆ. ಅದರಲ್ಲಿರುವ ತಿಳಿವಳಿಕೆಯ ಬಹುಪಾಲು ಬಂದದ್ದು ಕಾರ್ಟೂನಿಸ್ಟರಲ್ಲದವರಿಂದ. ಈ ಕಸುಬಿಗೆ ನೇರ ದಾರಿ ಎಂಬುದೇ ಇಲ್ಲ. ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ಸಿಗಲಿಲ್ಲ. ಅಮೆರಿಕದ ಕಾರ್ಟೂನಿಸ್ಟ್ ಚಾರ್ಲ್ಸ್ ಶುಲ್ಜ್ ಅಂಚೆ ಮೂಲಕ ಚಿತ್ರ ಕಲಿತು, ಹಾಗೆ ಕಲಿಸಿದ ಸಂಸ್ಥೆಯಲ್ಲೇ ಬೇರೆಯವರ ಪಾಠ ತಿದ್ದಿದರು, ಪರರ ಕಾಮಿಕ್ಸ್‌ಗೆ ಅಕ್ಷರ ಬರೆದುಕೊಟ್ಟರು. ಅವರ ಹೆಸರಾಂತ ಚಿತ್ರಪಟ್ಟಿ ‘ಪೀನಟ್ಸ್’ ಶುರುವಾದದ್ದು ಆಮೇಲೆ, 1950ರಲ್ಲಿ.

ಆದ್ದರಿಂದ ಮೊದಲ ನಮಸ್ಕಾರ ಬೋರ್ಡ್ ಬರೆಯುವವರಿಗೆ. ಹೊಸಬರು ಮುಖ, ಮೈ, ಹಿನ್ನೆಲೆ ಎಲ್ಲ ಮುಗಿಸಿ ಉಳಿದ ಮೂಲೆಯಲ್ಲಿ ಮಾತು ತುರುಕುತ್ತಾರೆ. ಕ್ರಮ ತಿರುಗಬೇಕು: ಮೊದಲು ಪೆನ್ಸಿಲ್ಲಿನಲ್ಲಿ ಸಾಲುಗೆರೆ, ಅದರ ಮೇಲೆ ಅಕ್ಷರ, ಸುತ್ತ ಬಲೂನು (ಮಾತನ್ನು ಸುತ್ತುವರಿಯುವ ಗೆರೆ), ಕೊನೆಗೆ ಪಾತ್ರಗಳು. ಕನ್ನಡದಲ್ಲಿ ಸಾಲುಗಳ ನಡುವೆ ಹೆಚ್ಚುಕಡಿಮೆ ಅಕ್ಷರದ ಎತ್ತರದಷ್ಟೇ ಜಾಗ ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ತಲೆಕಟ್ಟಿಗೆ ಬಡಿಯುತ್ತದೆ. ಮೊದಲು ಮಾತಾಡುವವರು ಎಡಕ್ಕಿರಲಿ. ಅವರು ಬಲಕ್ಕೆ ನಿಂತರೆ ಬಲೂನಿನಿಂದ ಬಾಯಿಯತ್ತ ಚಾಚುವ ಬಾಲಗಳು ಒಂದನ್ನೊಂದು ಅಡ್ಡಹಾಯುತ್ತವೆ. ಆಗ ಬಲೂನು ಸರಿಸಿ ಪ್ರಯೋಜನವಿಲ್ಲ, ಪಾತ್ರಗಳನ್ನೇ ಅದಲುಬದಲು ಮಾಡಬೇಕು.

ಪುಟ ಕಟ್ಟುವವರ, ಮುದ್ರಣ ನೋಡಿಕೊಳ್ಳುವವರ ಋಣ ಇನ್ನೂ ದೊಡ್ಡದು. ಮೂಲಚಿತ್ರವನ್ನು ಅಚ್ಚಾಗುವ ಅಳತೆಯ ಒಂದೂವರೆ ಅಥವಾ ಎರಡು ಪಟ್ಟು ಬರೆಯುವುದು ವಾಡಿಕೆ. ಎರಡು ಪಟ್ಟಿನ ಚಿತ್ರ ಅರ್ಧಕ್ಕಿಳಿದಾಗ ಗೆರೆಯೂ ಅರ್ಧವಾಗುತ್ತದೆ, ಗೆರೆಗಳ ನಡುವಿನ ಬಿಳಿಯೂ ಅರ್ಧವಾಗುತ್ತದೆ. 0.1 ಮಿ.ಮೀ. ಗೆರೆ 0.05ಕ್ಕಿಳಿದು ಅಲ್ಲಲ್ಲಿ ತುಂಡಾಗುತ್ತದೆ. 0.3 ಮಿ.ಮೀ. ಅಂತರದಲ್ಲಿ ಹಾಕಿದ ಓರೆಗೆರೆಗಳ ನೆರಳು, ಸುದ್ದಿಕಾಗದ ಇಂಕು ಹೀರಿ ಹರಡಿಸುವುದರಿಂದ, ಕಪ್ಪು ಮುದ್ದೆಯಾಗುತ್ತದೆ. ಮೂಲದಲ್ಲಿ ಸುಮಾರು 1 ಮಿ.ಮೀ. ಅಂತರವಿದ್ದರೆ ಧೈರ್ಯ. ಕಳುಹಿಸುವ ಮುನ್ನ ಶೇ 50ಕ್ಕೆ ಇಳಿಸಿ ಒಂದು ಜೆರಾಕ್ಸ್ ತೆಗೆದು ನೋಡಿದರೆ ಎಲ್ಲವೂ ಬಯಲಾಗುತ್ತದೆ. ಅಪ್ಪಟ ಕಪ್ಪುಬಿಳುಪು ಗೆರೆಚಿತ್ರವನ್ನು 1200 ಡಿಪಿಐ (ಇಂಚಿಗೆ 1200 ಚುಕ್ಕಿ) ಬಿಟ್‌ಮ್ಯಾಪ್ ಆಗಿ, ಅಂದರೆ ಬರೀ ಕಪ್ಪು ಇಲ್ಲವೇ ಬಿಳಿಯಾಗಿ, ಸ್ಕ್ಯಾನ್ ಮಾಡಬೇಕು. ಬೂದು ಛಾಯೆಗಳೂ ಸೇರುವ 300 ಡಿಪಿಐ ಗ್ರೇಸ್ಕೇಲ್‌ನಲ್ಲಿ ಕೊಟ್ಟರೆ ಗೆರೆಯ ಅಂಚು ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ, ಮತ್ತೆ ಬೈಗುಳ ಮಾತ್ರ ಪ್ರೆಸ್ಸಿಗೆ!

ಚಿತ್ರಸಾಮಗ್ರಿ ಮಾರುವವರಿಗೂ ವಂದನೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಸೋಪುನೀರಿನಲ್ಲಿ ಒರೆಸದೆ ಅದ್ದಿದರೆ ಇಂಕು ಹರಡದೆ ಹನಿಯಾಗಿ ಕಾಗದಕ್ಕೆ ತೊಟ್ಟಿಕ್ಕುತ್ತದೆ ಎಂದು ಮೊದಲೇ ಹೇಳಿ ಕಳಿಸುವವರು ಅವರು. ಅರಗು ಬೆರೆತ ವಾಟರ್‌ಪ್ರೂಫ್ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನು ಹೋದಂತೆಯೇ.

ಅನಿಮೇಷನ್‌ನವರ ಬಳಿ ಸೆಕೆಂಡಿಗೆ 24 ಫ್ರೇಮು, ಒಂದೊಂದು ಚಿತ್ರಕ್ಕೆ ಎರಡೆರಡು ಫ್ರೇಮು ಎಂದರೂ 12 ಚಿತ್ರ. ಅಷ್ಟು ಬರೆದವರಿಗೆ ಭಂಗಿ ತಾನಾಗಿ ಒಲಿಯುತ್ತದೆ. ಅವರು ಕೊಟ್ಟ ಉಪಾಯ: ಪಾತ್ರಕ್ಕೆ ಪೂರ್ತಿ ಕಪ್ಪು ಬಳಿದು ನೋಡಿ. ಎದೆಯ ಮುಂದಿರುವ ಕೈ ಆಗ ಮಾಯ; ಮೈಯಿಂದ ಹೊರಕ್ಕೆ ಚಾಚಿದರೆ ಮಾತ್ರ ಓದಿಗೆ ಸಿಗುತ್ತದೆ.

ಚಿತ್ರ ವಾಪಸು ಕಳಿಸುವಾಗ ಒಂದು ಸಾಲು ಕಾರಣ ಬರೆದ ಸಂಪಾದಕರಿಗೆ ವಿಶೇಷ ಕೃತಜ್ಞತೆ, ಅಂಥವರು ಅಪರೂಪ. ‘ಯಾರು ಯಾರೆಂದು ತಿಳಿಯಲಿಲ್ಲ’ ಎಂದರೆ ತೊಡಕಿರುವುದು ಗೆರೆಯಲ್ಲಿ, ತಿದ್ದಿ ಮತ್ತೆ ಕಳಿಸಬಹುದು. ‘ಸುದ್ದಿ ಹಳೆಯದಾಯಿತು’ ಎಂದರೆ ಗೆರೆ ತಿದ್ದಿ ಫಲವಿಲ್ಲ. ಕಾರಣವೇ ಇಲ್ಲದೆ ಮರಳಿದ ಚಿತ್ರದಿಂದ ಏನನ್ನೂ ಊಹಿಸಬೇಡಿ, ಆ ದಿನ ಪುಟದಲ್ಲಿ ಜಾಗ ಇರಲಿಲ್ಲವೋ ಏನೋ.

ಇನ್ನು, ಅಡಿಬರಹ ಮುಚ್ಚಿ ಚಿತ್ರವನ್ನಷ್ಟೇ ತೋರಿಸಿದಾಗ ಕಂಡದ್ದನ್ನು ಕಂಡಂತೆ ಹೇಳಿದ ಮನೆಯವರು, ಗೆಳೆಯರು. ಯಾರು, ಎಲ್ಲಿ, ಏನಾಗುತ್ತಿದೆ ಎಂಬ ಮೂರನ್ನು ಅವರು ಐದು ಸೆಕೆಂಡಿನೊಳಗೆ ಹೇಳದಿದ್ದರೆ ಚಿತ್ರ ಮತ್ತೆ ಪೆನ್ಸಿಲ್ಲಿಗೆ ಮರಳಬೇಕು. ನಡುವೆ, ಚಿತ್ರ ಬರೆದವರೇ ವಿವರಿಸಲು ಬಾಯಿ ತೆರೆದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಬ್ಬರನ್ನು ಹುಡುಕಿ.